ತಳ ಕಂಡವನು

ಶನಿವಾರ ಸಂಜೆ, ಲೈಪ್‌ಜಿಗ್, ಮೂರನೇ ಮಹಡಿ.
ಅಡುಗೆಮನೆಯ ಮೇಜಿನ ಮೇಲೆ
ನಾಳೆಯನ್ನು ಹರಡಿಕೊಂಡು ಕೂತಿದ್ದಾರೆ
ಸೊಸೆ ಜಿಲ್ಕೆ, ಮೊಮ್ಮಗ ಯೋರಿಸ್,
ಬೆಂದ ಆಲೂಗಡ್ಡೆ ಸುಲಿಯುತ್ತ ನನ್ನ ಹೆಂಡತಿ ಹೆಡ್ವಿಗ್.
ಮಗನಿಗೆ ಭಾನುವಾರವೂ ಟ್ರಾಮಿನ ಡ್ಯೂಟಿ.

ಕಾರು ಬೇಡ. ಹತ್ತು ಗಂಟೆಗೆಲ್ಲ ಭರ್ತಿ ಆ ಜಾಗ,
ನಿಲ್ಲಿಸಿದ್ದಕ್ಕೆ ಐದು ಯೂರೋ ಬೇರೆ ಕಕ್ಕಬೇಕು.
ಒಂಬತ್ತು ಹನ್ನೆರಡರ ಬಸ್ಸು. ಕೊನೆಯ ನಿಲ್ದಾಣ.
ಶೌಚಾಲಯಕ್ಕೆ ಐವತ್ತು ಸೆಂಟಿನ ಬಿಲ್ಲೆ, ಚೀಲದ ಹೊರಜೇಬಿಗೆ.
ನಾಯಿಗಳಿಗೆ ಬಡಗಣ ದಡ,
ಬಟ್ಟೆ ಬೇಡವೆನ್ನುವವರಿಗೆ ಪಡುವಣ,
ನಮ್ಮಂಥವರಿಗೆ ಮೂಡಣ, ಐಸ್‌ಕ್ರೀಮ್ ಗಾಡಿಯ ಹತ್ತಿರ.
"ಮಾವ ಬರ್ತಾರಾ?" ಅಂದಳು ಜಿಲ್ಕೆ, ನನ್ನ ಕಡೆ ನೋಡದೆ.
"ಬರ್ತಾರೆ, ಚಪ್ಪಲಿ ಕಾಯೋಕೆ," ಅಂದಳು ಹೆಡ್ವಿಗ್.

ಹೌದು. ಹನ್ನೊಂದು ಬೇಸಿಗೆಯಿಂದ ನಾನೇ ಚಪ್ಪಲಿ ಕಾಯುವವ.
ಮೊದಲ ವರ್ಷ ಮಂಡಿನೋವು, ಮರುವರ್ಷ ಕಿವಿಯಲ್ಲಿ ಕೀವು,
ಆಮೇಲೆ ಯಾರೂ ಕಾರಣ ಕೇಳಲಿಲ್ಲ.

"ಎಷ್ಟು ಆಳ ಅಜ್ಜ?" ಯೋರಿಸ್‌ಗೆ ಏಳು ವರ್ಷ.
ಐವತ್ತೊಂದು ಮೀಟರ್, ಅಂದೆ,
ಯಾರೋ ನನ್ನ ಹೆಸರು ಕೇಳಿದ ಹಾಗೆ.

ಕೆರೆಯಾಗುವ ಮುಂಚೆ ಅದು ನಾವು ಕೆರೆದ ಗುಂಡಿ.
ಇಪ್ಪತ್ತಾರು ವರ್ಷ ಕೆರೆದೆವು.
ಚರ್ಚಿಗಿಂತ ಎತ್ತರದ ಯಂತ್ರ, ಅದರ ಹೊಟ್ಟೆಯೊಳಗೆ ನಾನು.
ಕಂದು ಕಲ್ಲಿದ್ದಲಿಗಾಗಿ ಮೊದಲು ಹೊಲ ತೆಗೆದೆವು,
ಹೊಲದ ಕೆಳಗಿನ ಜೇಡಿ, ಜೇಡಿಯ ಕೆಳಗಿನ ಮರಳು.
ನಡುವೆ ಒಂದು ಊರನ್ನೂ ತೆಗೆದೆವು,
ಆ ವಾರ ಅಲ್ಲಿಯ ಚೆರ್ರಿ ಮರಗಳೆಲ್ಲ ಹೂ ಬಿಟ್ಟಿದ್ದವು.
ಗಣಿ ಮುಚ್ಚಿತು. ಪಂಪುಗಳು ನಿಂತವು.
ನೀರು ಯಾರನ್ನೂ ಕೇಳದೆ ಏರಿತು.
ಪಾಳಿಯ ಬಸ್ಸು ಇಳಿಯುತ್ತಿದ್ದ ದಾರಿ ಮುಳುಗಿತು,
ನಾವು ಕಾಫಿ ಕುಡಿಯುತ್ತಿದ್ದ ತಗಡಿನ ಗೂಡಿನ ಜಾಗ,
ಎಕ್‌ಹಾರ್ಟ್‌ನ ಕಾಲು ಸಿಕ್ಕಿಕೊಂಡ ಜಾಗ.
ಮೇಲೆ ಈಗ ಹಂಸದ ಆಕಾರದ ಪೆಡಲ್ ದೋಣಿಗಳು.

ನೀರು ಕಂಡರೆ ಅಂಜಿಕೆ ಅಂತ ಇವರೆಲ್ಲರ ಲೆಕ್ಕ.
ಅಲ್ಲ. ಉಳಿದವರಿಗೆ ಕಾಲ ಕೆಳಗೆ ನೀರು.
ನನಗೆ ಆ ನೀರಿನ ಕೆಳಗೆ, ಐವತ್ತೊಂದು ಮೀಟರ್ ಕೆಳಗೆ, ಒಬ್ಬ ಗಂಡಸು
ಊಟದ ಡಬ್ಬಿ ಹಿಡಿದು ಆಕಾಶ ನೋಡುತ್ತ ನಿಂತಿರುತ್ತಾನೆ.
ಅವನ ತಲೆಯ ಮೇಲೆ ಹೇಗೆ ಕಾಲು ಬಡಿಯಲಿ?

"ತಳದಲ್ಲಿ ಏನಿತ್ತು?" ಬಿಡುವವನಲ್ಲ ಯೋರಿಸ್.
ಎದ್ದು ಹೋಗಿ ಹೆಡ್ವಿಗ್‌ಳ ಹೊಲಿಗೆ ಡಬ್ಬಿ ತಂದೆ.
ಅಂಗಿಗುಂಡಿಗಳ ನಡುವಿನಿಂದ ಹೆಕ್ಕಿ ಕೊಟ್ಟೆ
ಒಂದು ಹಲ್ಲು. ಬೂದು, ಚೂಪು, ಹೆಬ್ಬೆರಳಿನ ಉಗುರಿನಷ್ಟು.
ಶಾರ್ಕಿನದು. ಒಂದು ರಾತ್ರಿಪಾಳಿಯಲ್ಲಿ ಮರಳಿನ ಪದರದಲ್ಲಿ ಸಿಕ್ಕಿದ್ದು.
ಮನುಷ್ಯರೇ ಇಲ್ಲದ ಕಾಲಕ್ಕೆ ಇಲ್ಲಿ ಸಮುದ್ರವಿತ್ತಂತೆ.

ದೀಪಕ್ಕೆ ಹಿಡಿದು ನೋಡಿದ.
ತನ್ನ ಬಿದ್ದ ಹಲ್ಲಿನ ಸಂದಿಗೆ ಇಟ್ಟು ನೋಡಿದ.
"ಹಾಗಾದ್ರೆ ಕೆರೆಯಲ್ಲಿ ಶಾರ್ಕ್ ಇದೆ."
ಇಲ್ಲವೋ.
"ಇದ್ರೆ?"
"ಇದ್ರೆ ಅದಕ್ಕೆ ಒಂದು ಹಲ್ಲು ಕಮ್ಮಿ," ಅಂದಳು ಹೆಡ್ವಿಗ್,
ಆಲೂಗಡ್ಡೆಗೆ ಸಾಸಿವೆ ಕಲಸುತ್ತ.
"ಅಜ್ಜ ಇಳಿದ್ರೆ ನಾನೂ ಇಳೀತೀನಿ. ಇಲ್ಲಾಂದ್ರೆ ಇಲ್ಲ."
ಜಿಲ್ಕೆ ಪಟ್ಟಿಯಲ್ಲಿ ಏನನ್ನೋ ಹೊಡೆದುಹಾಕಿದಳು,
ಏನೆಂದು ನನಗೆ ಕಾಣಲಿಲ್ಲ.

ಈಗ ಹನ್ನೊಂದೂವರೆ. ಬಾಗಿಲ ಬಳಿ ಚೀಲ,
ಅರ್ಧ ಗಾಳಿ ತುಂಬಿದ ರಬ್ಬರಿನ ಮೊಸಳೆ,
ಸೊಟ್ಟ ಮುಚ್ಚಳದ ನನ್ನ ಪಾಳಿಯ ಡಬ್ಬಿಯಲ್ಲಿ ಸಲಾಡು.
ಬೇರೆ ಡಬ್ಬಿ ಸಿಗಲಿಲ್ಲವಂತೆ.
ಕತ್ತಲಲ್ಲಿ ಕೇಳಿದೆ,
ನನ್ನ ಈಜುಚಡ್ಡಿ ಇದೆಯೇನೇ?
ಗಣಿಯವರು ಬಾಲ್ಟಿಕ್ ತೀರಕ್ಕೆ ರಜೆಗೆ ಕಳಿಸಿದ್ದರಲ್ಲ, ಆಗಿನದು, ನೀಲಿ.
ಬಹಳ ಹೊತ್ತು ಮಾತಿಲ್ಲ. ನಿದ್ದೆ ಹತ್ತಿರಬೇಕು ಅಂದುಕೊಂಡೆ.
"ಬೀರುವಿನಲ್ಲಿ," ಅಂದಳು ಆಮೇಲೆ. "ತೀರಾ ತಳದಲ್ಲಿ.
ಲಾಡಿ ಬದಲಾಯಿಸಿದೀನಿ, ಹೋದ ವರ್ಷವೇ."